ಒಂದು ಲೋಟ ಕಾಫಿಯ ಲೆಕ್ಕ

ದೊಡ್ಡಬಳ್ಳಾಪುರದಿಂದ ಗೌರಿಬಿದನೂರಿನ ಕಡೆಗೆ ಸಾಗುವ ರೈಲುಮಾರ್ಗದಲ್ಲಿ ಮಾಕಳಿದುರ್ಗವೆಂಬ ಚಿಕ್ಕ ನಿಲ್ದಾಣವೊಂದುಂಟು. ನಿಲ್ದಾಣದ ಸಮೀಪದಲ್ಲಿಯೇ ಅದೇ ಹೆಸರಿನ ಬೆಟ್ಟವು ಬೃಹತ್ತಾದ ಕಲ್ಲುಬಂಡೆಗಳನ್ನು ಹೊತ್ತು ನಿಂತಿದೆ. ಅದರ ನೆತ್ತಿಯ ಮೇಲೆ ಹಳೆಯ ಕೋಟೆಯ ಅವಶೇಷಗಳೂ ಒಂದು ಶಿವಾಲಯವೂ ಇವೆ. ಅಲ್ಲಿಂದ ಕೆಳಗೆ ನೋಡಿದರೆ ಕೆರೆಯ ನೀರು ಕನ್ನಡಿಯಂತೆ ಹೊಳೆಯುತ್ತದೆ. ಬೆಟ್ಟಗಳ ನಡುವೆ ಬಳಸಿ ಸಾಗುವ ರೈಲುಬಂಡಿಯು ಸಹಸ್ರಪದಿಯಂತೆ ಕಾಣುತ್ತದೆ.

ಒಂದು ಮಾಗಿಯ ಭಾನುವಾರ, ಅರಣ್ಯ ಇಲಾಖೆಯ ಅನುಮತಿಯನ್ನು ಪಡೆದು, ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಮಕ್ಕಳೊಡನೆ ನಾನು ಆ ಬೆಟ್ಟವನ್ನು ಏರಿದ್ದೆನು. ಮೇಲೆ ತಲಪಿ ದಣಿವಾರಿಸಿಕೊಳ್ಳುತ್ತ ಕುಳಿತಾಗ ನಾನು ಮನೆಯಿಂದ ಫ್ಲಾಸ್ಕಿನಲ್ಲಿ ತಂದಿದ್ದ ಕಾಫಿಯನ್ನು ಲೋಟಕ್ಕೆ ಬಗ್ಗಿಸಿಕೊಂಡೆನು. ಹತ್ತಿರದಲ್ಲಿಯೇ ಕುಳಿತಿದ್ದ ಹುಡುಗನೊಬ್ಬನು ಅಂಗಡಿಯಿಂದ ಕೊಂಡು ತಂದಿದ್ದ ಸಿಹಿಯಾದ ತಣ್ಣನೆಯ ಕಾಫಿಯ ಬಾಟಲಿಯನ್ನು ಬಿಚ್ಚಿ, "ಸಾರ್, ಇಷ್ಟು ದೊಡ್ಡ ಬೆಟ್ಟ ಹತ್ತಿದ್ದೇವೆ. ಈಗ ಏನು ಕುಡಿದರೂ ಎಲ್ಲ ಕರಗಿಹೋಗುತ್ತದೆ, ಅಲ್ಲವೇ?" ಎಂದು ಕೇಳಿದನು. ಒಳ್ಳೆಯ ಪ್ರಶ್ನೆ. ಅದಕ್ಕೆ ಬಾಯಿಮಾತಿನ ಉತ್ತರಕ್ಕಿಂತ ಲೆಕ್ಕದ ಉತ್ತರವೇ ಮೇಲೆಂದು ತೋರಿತು. ನಾವು ಅಲ್ಲಿಯೇ ಬಂಡೆಯ ಮೇಲೆ ಕುಳಿತು ಲೆಕ್ಕ ಹಾಕಿದೆವು. ನೀವೂ ನಮ್ಮೊಡನೆ ಲೆಕ್ಕ ಹಾಕಿರಿ.

ಒಂದು ವಸ್ತುವನ್ನು ಮೇಲಕ್ಕೆತ್ತಲು ಬೇಕಾದ ಶಕ್ತಿಯನ್ನು ಕಂಡುಹಿಡಿಯಲು ಅದರ ದ್ರವ್ಯರಾಶಿಯನ್ನೂ ಗುರುತ್ವ ವೇಗೋತ್ಕರ್ಷವನ್ನೂ ಎತ್ತರವನ್ನೂ ಗುಣಿಸಬೇಕೆಂಬುದು ನಿಮಗೆ ತಿಳಿದ ವಿಷಯ. ಹುಡುಗನ ತೂಕ 50 ಕಿಲೋಗ್ರಾಂ ಎಂದೂ ನಾವು ಏರಿದ ಎತ್ತರ 300 ಮೀಟರ್ ಎಂದೂ ಇಟ್ಟುಕೊಳ್ಳೋಣ. 50 × 9.8 × 300 ಎಂದರೆ 1,47,000 ಜೌಲ್. ಒಂದು ಕಿಲೋಕ್ಯಾಲೊರಿ ಎಂದರೆ ಸುಮಾರು 4,184 ಜೌಲ್. ಆದುದರಿಂದ ಈ ಕೆಲಸವು ಕೇವಲ 35 ಕಿಲೋಕ್ಯಾಲೊರಿಗೆ ಸಮ. ಆದರೆ ನಮ್ಮ ಸ್ನಾಯುಗಳು ಆಹಾರದಿಂದ ದೊರೆತ ಶಕ್ತಿಯಲ್ಲಿ ನಾಲ್ಕನೆಯ ಅಥವಾ ಐದನೆಯ ಒಂದು ಭಾಗವನ್ನು ಮಾತ್ರ ಕೆಲಸವಾಗಿ ಮಾರ್ಪಡಿಸುತ್ತವೆ. ಉಳಿದುದು ಮೈಬಿಸಿಯಾಗಿ ಹೊರಬೀಳುತ್ತದೆ. ಆದ್ದರಿಂದ ದೇಹವನ್ನು ಬೆಟ್ಟದ ತುದಿಗೆ ಎತ್ತಲು ಖರ್ಚಾದ ಶಕ್ತಿ 140ರಿಂದ 175 ಕಿಲೋಕ್ಯಾಲೊರಿಗಳಷ್ಟು. ಜನರು ಮಾತಿನಲ್ಲಿ 'ಕ್ಯಾಲೊರಿ' ಎನ್ನುವುದು ಈ ಕಿಲೋಕ್ಯಾಲೊರಿಯನ್ನೇ ಆದುದರಿಂದ ಮುಂದೆ ನಾವೂ ಹಾಗೆಯೇ ಕರೆಯೋಣ.

ಇನ್ನು ಬಾಟಲಿಯ ಕಡೆಗೆ ಬರೋಣ. ಅಂತಹ ಪಾನೀಯವೊಂದರಲ್ಲಿ 200 ಮಿಲಿಲೀಟರ್ ಕೆನೆಭರಿತ ಹಾಲು, 30 ಗ್ರಾಂ ಸಕ್ಕರೆ, 30 ಗ್ರಾಂ ಕ್ರೀಮು ಇವೆಯೆಂದು ಭಾವಿಸೋಣ. ಸಕ್ಕರೆ ಮೊದಲಾದ ಶರ್ಕರಪಿಷ್ಟಗಳೂ ಸಸಾರಜನಕವೂ ಗ್ರಾಮಿಗೆ 4 ಕ್ಯಾಲೊರಿಗಳನ್ನು ಕೊಡುತ್ತವೆ; ಕೊಬ್ಬು ಗ್ರಾಮಿಗೆ 9 ಕ್ಯಾಲೊರಿಗಳನ್ನು ಕೊಡುತ್ತದೆ. ಈ ಸೂತ್ರದಂತೆ ಹಾಲಿನಿಂದ ಸುಮಾರು 174, ಸಕ್ಕರೆಯಿಂದ 120, ಕ್ರೀಮಿನಿಂದ ಸುಮಾರು 90, ಒಟ್ಟು 380ಕ್ಕೂ ಮಿಗಿಲಾಯಿತು. ಬೆಟ್ಟವನ್ನು ಎರಡು ಸಲ ಏರಿದರೂ ತೀರದಷ್ಟು ಶಕ್ತಿಯು ಕೆಲವೇ ನಿಮಿಷಗಳಲ್ಲಿ ಗಂಟಲಿನಿಂದ ಕೆಳಗಿಳಿದುಹೋಗುತ್ತದೆ! ಇಳಿಯುವಾಗಲೂ, ಏಕೆ, ಸುಮ್ಮನೆ ಕುಳಿತಿರುವಾಗಲೂ ದೇಹವು ಶಕ್ತಿಯನ್ನು ವ್ಯಯಿಸುತ್ತದೆ, ನಿಜ. ಆದರೆ ಅದಕ್ಕೆ ಬೇಕಾದುದನ್ನು ನಾವು ಊಟದಿಂದ ಪಡೆದೇ ಇರುತ್ತೇವೆ. ಹೆಚ್ಚಿನದು ಕೊಬ್ಬಾಗಿ ಸಂಗ್ರಹವಾಗುತ್ತದೆ. ಹುಡುಗನು ಬಾಟಲಿಯನ್ನು ಒಮ್ಮೆ ನೋಡಿ, ಅದನ್ನು ಗೆಳೆಯರಿಬ್ಬರೊಡನೆ ಹಂಚಿಕೊಂಡನು.

ಹಾಗಾದರೆ ಇದು ಕಾಫಿಯ ದೋಷವೇ? ಅಲ್ಲ. ಹಾಲು ಸಕ್ಕರೆಗಳಿಲ್ಲದ ಒಂದು ಲೋಟ ಕಾಫಿಯಲ್ಲಿರುವುದು ಎರಡು ಮೂರು ಕ್ಯಾಲೊರಿಗಳು ಮಾತ್ರ. ಕಾಫಿಯ ಹೆಸರಿನಲ್ಲಿ ನಾವು ಕುಡಿಯುವ ಸಕ್ಕರೆ ಮತ್ತು ಕೊಬ್ಬುಗಳೇ ಉಳಿದ ಹೊರೆಗೆಲ್ಲ ಕಾರಣ. ಈ ಮಾತು ನನಗೆ ಪುಸ್ತಕದಿಂದ ತಿಳಿದುದಲ್ಲ. ನಮ್ಮ ಮನೆಯಲ್ಲಿಯೇ ತಿಳಿದುದು.

ನಮ್ಮ ತಂದೆಯವರು ಕಾಫಿಯ ಭಕ್ತರು. ಅವರಿಗೆ ಸಕ್ಕರೆ ಕಾಯಿಲೆ ಇದೆಯೆಂದು ತಿಳಿದಾಗ ವೈದ್ಯರು, "ಸಕ್ಕರೆಯನ್ನು ಬಿಡಿರಿ" ಎಂದರು. ಮನೆಯವರೆಲ್ಲರೂ ಅದನ್ನು "ಕಾಫಿಯನ್ನು ಬಿಡಿರಿ" ಎಂದು ಅರ್ಥಮಾಡಿಕೊಂಡೆವು. ಮನೆಯಲ್ಲಿ ಕಾಫಿ ನಿಂತಿತು. ಆದರೆ ತಂದೆಯವರ ಸಂಜೆಯ ತಿರುಗಾಟವು ದಿನದಿನಕ್ಕೆ ದೀರ್ಘವಾಗತೊಡಗಿತು. ಕೆಲವು ವಾರಗಳ ಅನಂತರ ರಕ್ತಪರೀಕ್ಷೆ ಮಾಡಿಸಿದಾಗ ಸಕ್ಕರೆಯ ಅಂಶವು ಇಳಿದಿರಲಿಲ್ಲ. ಅವರು ಹೋಟೆಲಿನಲ್ಲಿ ದಿನಕ್ಕೆ ಎರಡು ಮೂರು ಬಾರಿ ಸಿಹಿ ಕಾಫಿಯನ್ನು ಕುಡಿಯುತ್ತಿದ್ದರೆಂಬುದು ಆಗ ಬೆಳಕಿಗೆ ಬಂದಿತು. ನಮ್ಮ ತಾಯಿಯವರು ಬೈಯಲಿಲ್ಲ. ಅಟ್ಟದ ಮೇಲೆ ಧೂಳು ಹಿಡಿದಿದ್ದ ಹಿತ್ತಾಳೆಯ ಫಿಲ್ಟರನ್ನು ಕೆಳಗಿಳಿಸಿ, ಹುಣಿಸೆಹಣ್ಣಿನಿಂದ ಬೆಳಗಿ, ಕಲಾಯಿ ಹಾಕಿಸಿ ತಂದು, "ಕುಡಿಯುವುದಾದರೆ ಮನೆಯಲ್ಲಿಯೇ ಕುಡಿಯಿರಿ, ಒಳ್ಳೆಯದನ್ನೇ ಕುಡಿಯಿರಿ" ಎಂದರು. ಬಯಸಿದ್ದನ್ನು ಪೂರ್ತಿಯಾಗಿ ನಿಷೇಧಿಸಿದರೆ ಮನಸ್ಸು ಅಡ್ಡದಾರಿ ಹಿಡಿಯುತ್ತದೆ. ಅದನ್ನು ತಿದ್ದಿಕೊಟ್ಟರೆ ಒಪ್ಪಿಕೊಳ್ಳುತ್ತದೆ. ಈ ಸತ್ಯವನ್ನು ಅವರು ಅನುಭವದಿಂದ ಬಲ್ಲವರಾಗಿದ್ದರು.

ಒಳ್ಳೆಯ ಕಾಫಿಗಾಗಿ ಕನ್ನಡಿಗರು ದೂರ ಹೋಗಬೇಕಾದುದಿಲ್ಲ. ಕಾಫಿಯ ಮೂಲನೆಲೆ ಆಫ್ರಿಕಾ ಖಂಡದ ಇಥಿಯೋಪಿಯ. ಅಲ್ಲಿಂದ ಅದು ಅರಬ್ಬರ ನಾಡಾದ ಯೆಮೆನ್‌ಗೆ ಬಂದಿತು. 17ನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸೂಫಿ ಸಂತರು ಯೆಮೆನ್‌ನಿಂದ ಏಳು ಕಾಫಿ ಬೀಜಗಳನ್ನು ತಂದು ಚಿಕ್ಕಮಗಳೂರಿನ ಬಳಿಯ ಗಿರಿಯಲ್ಲಿ ನೆಟ್ಟರೆಂಬುದು ಪರಂಪರೆಯಿಂದ ಬಂದಿರುವ ಕಥೆ. ಆ ಗಿರಿಶ್ರೇಣಿಗೆ ಇಂದಿಗೂ ಅವರದೇ ಹೆಸರು. ಚಿಕ್ಕಮಗಳೂರು, ಕೊಡಗು, ಹಾಸನ ಜಿಲ್ಲೆಗಳು ಈಗ ಕಾಫಿಯ ತವರಾಗಿವೆ. ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ಸುಮಾರು 70 ಭಾಗವು ಕರ್ನಾಟಕದ್ದು. ಗಿಡಕ್ಕೆ ತಗಲುವ ರೋಗಗಳ ನಿವಾರಣೆಗಾಗಿ ಬಾಳೆಹೊನ್ನೂರಿನ ಬಳಿ 1925ರಲ್ಲಿ ಪ್ರಾರಂಭವಾದ ಪ್ರಯೋಗಕೇಂದ್ರವು ಇಂದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿ ಬೆಳೆದಿದೆ. 1942ರ ಶಾಸನದಿಂದ ರೂಪುಗೊಂಡ ಕಾಫಿ ಮಂಡಳಿಯ ಕೇಂದ್ರ ಕಚೇರಿಯಿರುವುದು ಬೆಂಗಳೂರಿನಲ್ಲಿ.

ನಮ್ಮಲ್ಲಿ ಮುಖ್ಯವಾಗಿ ಎರಡು ಜಾತಿಯ ಕಾಫಿಯನ್ನು ಬೆಳೆಯುತ್ತಾರೆ. ಅರೇಬಿಕಾ ಎತ್ತರದ ತಂಪು ನೆಲದಲ್ಲಿ ಬೆಳೆಯುವಂಥದು. ಅದರ ರುಚಿ ನಯವಾದುದು, ಪರಿಮಳ ಹೆಚ್ಚಿನದು. ರೊಬಸ್ಟಾ ಹೆಸರಿಗೆ ತಕ್ಕಂತೆ ಗಡುಸಾದ ಗಿಡ. ಅದರ ಕಾಫಿ ಗಟ್ಟಿ ಹಾಗೂ ಹೆಚ್ಚು ಕಹಿ. ಕೆಫೀನ್ ಎಂಬ ಉತ್ತೇಜಕ ವಸ್ತುವು ಅರೇಬಿಕಾಕ್ಕಿಂತ ರೊಬಸ್ಟಾದಲ್ಲಿ ಹೆಚ್ಚುಕಡಿಮೆ ಎರಡರಷ್ಟಿರುತ್ತದೆ. ಅಂಗಡಿಯಲ್ಲಿ ದೊರೆಯುವ ಪುಡಿಯಲ್ಲಿ ಅನೇಕ ವೇಳೆ ಚಿಕೋರಿಯೂ ಬೆರೆತಿರುತ್ತದೆ. ಇದು ಕಾಫಿಯಲ್ಲ, ಒಂದು ಗಿಡದ ಬೇರನ್ನು ಹುರಿದು ಮಾಡಿದ ಪುಡಿ. ಇದರಲ್ಲಿ ಕೆಫೀನ್ ಇಲ್ಲ. ಕಾಫಿಗೆ ಕಪ್ಪು ಬಣ್ಣವನ್ನೂ ಮಂದತ್ವವನ್ನೂ ಕೊಡುವ ಚಿಕೋರಿಯು ಮಿತಿಮೀರಿದರೆ ಕಾಫಿಯ ಸ್ವಂತ ಪರಿಮಳವನ್ನು ಮುಚ್ಚಿಬಿಡುತ್ತದೆ. ನಮ್ಮ ದೇಶದ ಆಹಾರ ನಿಯಮದಂತೆ ಇಂತಹ ಮಿಶ್ರಣದಲ್ಲಿ ಕಾಫಿಯ ಅಂಶ ನೂರಕ್ಕೆ 51ಕ್ಕಿಂತ ಕಡಿಮೆಯಿರಬಾರದು. ಪೊಟ್ಟಣದ ಮೇಲೆ ಪ್ರಮಾಣವು ಅಚ್ಚಾಗಿರುತ್ತದೆ. ಅದನ್ನು ಓದಿ ಕೊಳ್ಳುವುದು ಜಾಣತನ.

ಇಲ್ಲಿ ಒಂದು ಮುಖ್ಯ ವಿಷಯವನ್ನು ಗಮನಿಸಬೇಕು. ನಾವು ಕಾಫಿಗೆ ಸಕ್ಕರೆಯನ್ನು ಏಕೆ ಹಾಕುತ್ತೇವೆ? ಕಹಿಯನ್ನು ಮರೆಸಲು. ಕಾಫಿ ಅತಿಯಾಗಿ ಕಹಿಯಾಗುವುದೇಕೆ? ಪುಡಿ ಹಳೆಯದಾಗಿದ್ದರೆ, ಬೀಜವನ್ನು ಕರಿಕಾಗುವಂತೆ ಹುರಿದಿದ್ದರೆ, ಡಿಕಾಕ್ಷನ್ನನ್ನು ಒಲೆಯ ಮೇಲೆ ಕುದಿಸಿದ್ದರೆ, ಒಂದೇ ಪುಡಿಗೆ ಮತ್ತೆ ಮತ್ತೆ ನೀರೆರೆದು ಸಾರವನ್ನೆಲ್ಲ ಹಿಂಡಿದ್ದರೆ ಕಹಿ ಹೆಚ್ಚುತ್ತದೆ, ಪರಿಮಳ ಹಾರಿಹೋಗುತ್ತದೆ. ಆಗ ಎರಡು ಚಮಚ ಸಕ್ಕರೆಯೂ ಸಾಲದೆ ಹೋಗುತ್ತದೆ. ಇದಕ್ಕೆ ವಿರುದ್ಧವಾಗಿ, ಚೆನ್ನಾಗಿ ಇಳಿಸಿದ ಕಾಫಿಯು ಅರ್ಧ ಚಮಚ ಸಕ್ಕರೆಯಲ್ಲಿಯೇ ಸೊಗಸಾಗಿರುತ್ತದೆ. ಆದ್ದರಿಂದ ರುಚಿಯೂ ಆರೋಗ್ಯವೂ ಪರಸ್ಪರ ವೈರಿಗಳೆಂದು ತಿಳಿಯಬಾರದು. ಕಾಫಿಯ ಮಟ್ಟಿಗಂತೂ ರುಚಿಯನ್ನು ಹೆಚ್ಚಿಸುವುದೇ ಸಕ್ಕರೆಯನ್ನು ತಗ್ಗಿಸುವ ಉಪಾಯ.

ಈಗ ಮಾಡುವ ಕ್ರಮವನ್ನು ನೋಡೋಣ. ನಮ್ಮ ಫಿಲ್ಟರು ಒಂದರ ಮೇಲೊಂದು ಕೂರುವ ಎರಡು ಪಾತ್ರೆಗಳಿಂದಾದ ಸರಳ ಸಾಧನ. ಮೇಲಿನ ಪಾತ್ರೆಯ ತಳದಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ. ಪುಡಿಯನ್ನು ಅದುಮಲು ಹಿಡಿಯುಳ್ಳ ತೂತಿನ ಬಿಲ್ಲೆಯೊಂದು, ಮೇಲೆ ಮುಚ್ಚಳವೊಂದು ಇರುತ್ತದೆ. ಇದಕ್ಕೆ ವಿದ್ಯುತ್ತು ಬೇಡ, ಯಂತ್ರ ಬೇಡ; ಗುರುತ್ವಾಕರ್ಷಣೆಯೇ ಇದನ್ನು ನಡೆಸುವ ಶಕ್ತಿ.

ಮೂರು ಲೋಟ ಕಾಫಿಗೆ ಸುಮಾರು 30 ಗ್ರಾಂ ಪುಡಿ ಸಾಕು. ಒಣಗಿದ ಮೇಲಿನ ಪಾತ್ರೆಗೆ ಅದನ್ನು ಹಾಕಿ, ಸಮಮಾಡಿ, ಬಿಲ್ಲೆಯಿಂದ ಹಗುರವಾಗಿ ಅದುಮಬೇಕು. ಬಲವಾಗಿ ಅದುಮಿದರೆ ನೀರು ಇಳಿಯದು. ಅದುಮದೆ ಬಿಟ್ಟರೆ ನೀರು ಸರಸರನೆ ಇಳಿದು ಡಿಕಾಕ್ಷನ್ ತೆಳುವಾಗುತ್ತದೆ. ಬಳಿಕ ಕುದಿಬಂದ ನೀರನ್ನು ಒಲೆಯಿಂದಿಳಿಸಿ, ಒಂದು ಕ್ಷಣ ಬಿಟ್ಟು, 200 ಮಿಲಿಲೀಟರಿನಷ್ಟನ್ನು ನಿಧಾನವಾಗಿ ಸುತ್ತಲೂ ಸುರಿಯಬೇಕು. ನಮ್ಮ ಬಯಲುಸೀಮೆಯ ಈ ಭಾಗವು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 100 ಡಿಗ್ರಿಯಲ್ಲಲ್ಲ, ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುತ್ತದೆ. ಕಾಫಿಯ ಸಾರವನ್ನು ಎಳೆಯಲು ಇದು ಧಾರಾಳವಾಗಿ ಸಾಕು. ಮುಚ್ಚಳ ಮುಚ್ಚಿ 15-20 ನಿಮಿಷ ಕಾಯಬೇಕು. ಪುಡಿಯು ತನ್ನ ತೂಕದ ಎರಡರಷ್ಟು ನೀರನ್ನು ಹೀರಿಕೊಳ್ಳುವುದರಿಂದ ಕೆಳಗಿನ ಪಾತ್ರೆಯಲ್ಲಿ ಸುಮಾರು 140 ಮಿಲಿಲೀಟರ್ ಗಟ್ಟಿ ಡಿಕಾಕ್ಷನ್ ಸಿದ್ಧವಾಗಿರುತ್ತದೆ. ಇದನ್ನು ಮತ್ತೆ ಕುದಿಸಲಾಗದು. ಹುರಿಯುವಾಗ ಬೀಜದಲ್ಲಿ ಹುಟ್ಟಿದ ನೂರಾರು ಪರಿಮಳದ್ರವ್ಯಗಳು ಬೇಗ ಆವಿಯಾಗುವಂಥವು. ಕುದಿಸಿದರೆ ಮನೆಯೆಲ್ಲ ಘಮಘಮಿಸುತ್ತದೆ, ಲೋಟದಲ್ಲಿ ಕಹಿ ಮಾತ್ರ ಉಳಿಯುತ್ತದೆ. ಬಿಸಿಯಾಗಬೇಕಾದುದು ಹಾಲು. ಪುಡಿಯನ್ನೂ ಅಷ್ಟೇ: ಸ್ವಲ್ಪಸ್ವಲ್ಪವಾಗಿ ಕೊಂಡು, ಗಾಳಿಯಾಡದ ಒಣ ಡಬ್ಬಿಯಲ್ಲಿಟ್ಟು, ಒದ್ದೆ ಚಮಚವನ್ನು ಸೋಕಿಸದೆ ಕಾಪಾಡಬೇಕು.

ಹಾಲಿನ ಆಯ್ಕೆಯಲ್ಲಿಯೂ ವಿವೇಕ ಬೇಕು. ಕೆನೆಭರಿತ ಹಾಲಿನಲ್ಲಿ ಕೊಬ್ಬು ನೂರಕ್ಕೆ 6, ಟೋನ್ಡ್ ಹಾಲಿನಲ್ಲಿ 3, ಡಬಲ್ ಟೋನ್ಡ್ ಹಾಲಿನಲ್ಲಿ 1.5 ಇರಬೇಕೆಂಬುದು ನಿಯಮ. 100 ಮಿಲಿಲೀಟರಿಗೆ ಇವು ಕ್ರಮವಾಗಿ ಸುಮಾರು 87, 58, 46 ಕ್ಯಾಲೊರಿಗಳನ್ನು ಕೊಡುತ್ತವೆ. ಕೊಬ್ಬು ತಗ್ಗಿದರೂ ಸಸಾರಜನಕ ಮತ್ತು ಸುಣ್ಣದ ಅಂಶಗಳು ತಗ್ಗುವುದಿಲ್ಲ. ಮನೆಯಲ್ಲಿಯೇ ಕರೆದ ಹಾಲಾದರೆ ಕಾಯಿಸಿ ಆರಿಸಿ ಕೆನೆಯನ್ನು ತೆಗೆದಿಟ್ಟು ಬಳಸಬಹುದು. ಆ ಕೆನೆಯಿಂದ ಬೆಣ್ಣೆಯಾಗುತ್ತದೆ. ಹಾಲಿಗೆ ಹಾಲಿನದೇ ಆದ ಸಿಹಿಯುಂಟು. ಅದರ ಸಸಾರಜನಕವು ಕಾಫಿಯ ಒಗರನ್ನು ಹಿಡಿದಿಟ್ಟುಕೊಂಡು ನಾಲಗೆಗೆ ಹಿತವಾಗಿಸುತ್ತದೆ. ಡಿಕಾಕ್ಷನ್ ಗಟ್ಟಿಯಾಗಿದ್ದರೆ ಹಾಲು ಕಡಿಮೆಯಾದರೂ ರುಚಿ ಕೆಡದು. ಆಮೇಲೆ ಲೋಟದಿಂದ ಡಬರಿಗೆ, ಡಬರಿಯಿಂದ ಲೋಟಕ್ಕೆ ಎತ್ತಿ ಹೊಯ್ದರೆ ಗಾಳಿ ಬೆರೆತು ನೊರೆಯೇಳುತ್ತದೆ. ಅಂಗಡಿಯವರು ಯಂತ್ರದಿಂದ ಎಬ್ಬಿಸುವ ನೊರೆಗೂ ಇದಕ್ಕೂ ತತ್ತ್ವ ಒಂದೇ. ಇದಕ್ಕೆ ತಗಲುವ ಖರ್ಚು ಮಾತ್ರ ಏನೂ ಇಲ್ಲ.

ಸಕ್ಕರೆಯನ್ನು ಒಮ್ಮೆಲೇ ಬಿಡುವುದು ಎಲ್ಲರಿಗೂ ಸಾಧ್ಯವಾಗದು. ವಾರಕ್ಕೆ ಕಾಲು ಚಮಚದಂತೆ ಇಳಿಸುತ್ತ ಹೋದರೆ ನಾಲಗೆ ಕ್ರಮೇಣ ಒಗ್ಗಿಕೊಳ್ಳುತ್ತದೆ. ಸಕ್ಕರೆಗೆ ಬದಲು ಬೆಲ್ಲ ಹಾಕಿದರೆ ಹಗುರವೆಂದು ಕೆಲವರು ನಂಬಿದ್ದಾರೆ. ಕೊಡಗು ಮಲೆನಾಡುಗಳ ಬೆಲ್ಲದ ಕಾಫಿ ರುಚಿಯಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬೆಲ್ಲದ ಬಹುಭಾಗವೂ ಸಕ್ಕರೆಯೇ. ಕ್ಯಾಲೊರಿಯೂ ಹೆಚ್ಚುಕಡಿಮೆ ಅಷ್ಟೇ. ಸಕ್ಕರೆ ಕಾಯಿಲೆಯುಳ್ಳವರಿಗೆ ಅದರಿಂದ ಯಾವ ವಿನಾಯಿತಿಯೂ ಇಲ್ಲ.

ಎರಡು ಲೋಟಗಳನ್ನು ಹೋಲಿಸೋಣ. 100 ಮಿಲಿಲೀಟರ್ ಕೆನೆಭರಿತ ಹಾಲು ಹಾಗೂ ಎರಡು ಚಮಚ, ಅಂದರೆ 10 ಗ್ರಾಂ ಸಕ್ಕರೆ ಹಾಕಿದ ಕಾಫಿಯಲ್ಲಿ ಸುಮಾರು 130 ಕ್ಯಾಲೊರಿಗಳು. ಗಟ್ಟಿ ಡಿಕಾಕ್ಷನ್ನಿಗೆ 70 ಮಿಲಿಲೀಟರ್ ಡಬಲ್ ಟೋನ್ಡ್ ಹಾಲು, ಅರ್ಧ ಚಮಚ ಸಕ್ಕರೆ ಸೇರಿಸಿದ ಕಾಫಿಯಲ್ಲಿ ಸುಮಾರು 45 ಕ್ಯಾಲೊರಿಗಳು. ಲೋಟಕ್ಕೆ 85ರಷ್ಟು ಉಳಿತಾಯ. ದಿನಕ್ಕೆ ಎರಡು ಲೋಟ ಕುಡಿಯುವವರಿಗೆ 170. ಬೆಟ್ಟದ ಲೆಕ್ಕವನ್ನು ನೆನಪಿಗೆ ತಂದುಕೊಳ್ಳಿರಿ: ಅದು ಪ್ರತಿದಿನವೂ ಒಮ್ಮೆ ಮಾಕಳಿದುರ್ಗವನ್ನು ಏರಿದುದಕ್ಕೆ ಸಮ!

ಹಣದ ಲೆಕ್ಕವನ್ನು ನೀವೇ ಮಾಡಬಹುದು. ಲೋಟಕ್ಕೆ 10 ಗ್ರಾಂ ಪುಡಿಯಂತೆ ಕಾಲು ಕಿಲೋಗ್ರಾಂ ಪುಡಿಯಿಂದ 25 ಲೋಟ ಕಾಫಿಯಾಗುತ್ತದೆ. ನಿಮ್ಮ ಊರಿನಲ್ಲಿ ಪುಡಿ, ಹಾಲು, ಸಕ್ಕರೆಗಳಿಗಿರುವ ಬೆಲೆಯನ್ನು ವಿಚಾರಿಸಿ, ಒಂದು ಲೋಟಕ್ಕೆ ತಗಲುವ ವೆಚ್ಚವನ್ನು ಕಂಡುಹಿಡಿದು, ಹೊರಗೆ ಕೊಡುವ ಬೆಲೆಯೊಡನೆ ಹೋಲಿಸಿರಿ. ಹಾಗೆಂದು ಹೋಟೆಲಿನ ಕಾಫಿಯನ್ನು ತೆಗಳುವುದು ನನ್ನ ಉದ್ದೇಶವಲ್ಲ. ಗೆಳೆಯರೊಡನೆ ನಿಂತು ಒಂದು ಕಾಫಿಯನ್ನು ಎರಡು ಮಾಡಿಸಿ 'ಬೈಟು' ಕುಡಿಯುವುದು ಬೆಂಗಳೂರು ಸೀಮೆಯ ಸುಂದರವಾದ ವಾಡಿಕೆ. ಅದರಲ್ಲಿ ಸ್ನೇಹವುಂಟು, ಮಿತವೂ ಉಂಟು. ಆದರೆ ಹೊರಗಿನ ಕಾಫಿಯಲ್ಲಿ ಸಕ್ಕರೆಯ ಚಮಚವು ಬಹುತೇಕ ಇನ್ನೊಬ್ಬರ ಕೈಯಲ್ಲಿರುತ್ತದೆ. ಮನೆಯಲ್ಲಿ ಅದು ನಮ್ಮ ಕೈಯಲ್ಲಿರುತ್ತದೆ. ಮುಖ್ಯ ವ್ಯತ್ಯಾಸವಿರುವುದು ಇದರಲ್ಲಿಯೇ.

ಕಡಿಮೆ ಕ್ಯಾಲೊರಿಯದೆಂದ ಮಾತ್ರಕ್ಕೆ ಕಾಫಿಯನ್ನು ಎಷ್ಟಾದರೂ ಕುಡಿಯಬಹುದೆಂದು ಭಾವಿಸಬಾರದು. 150 ಮಿಲಿಲೀಟರಿನ ಒಂದು ಲೋಟ ಫಿಲ್ಟರ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್ ಇರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗದರ್ಶಿಯು ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ಮೀರಬಾರದೆಂದು ತಿಳಿಸಿದೆ. ಬೆಳೆಯುವ ವಯಸ್ಸಿನವರಿಗೆ ಅದಕ್ಕಿಂತಲೂ ಬಹಳ ಕಡಿಮೆಯಿದ್ದರೇ ಒಳಿತು. ಇಲ್ಲದಿದ್ದರೂ ಯಾವ ನಷ್ಟವೂ ಇಲ್ಲ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ದೇಹದಿಂದ ಕಳೆಯಲು ಸುಮಾರು ಐದು ಗಂಟೆಗಳಾದರೂ ಬೇಕು. ಪರೀಕ್ಷೆಯ ಕಾಲದಲ್ಲಿ ರಾತ್ರಿ ಕಾಫಿ ಕುಡಿದು ಓದುವವರು ಓದಿದ್ದನ್ನು ನೆನಪಿನಲ್ಲಿ ನಿಲ್ಲಿಸುವ ನಿದ್ರೆಯನ್ನೇ ಕಳೆದುಕೊಳ್ಳುತ್ತಾರೆ.

ಇನ್ನೊಂದು ಎಚ್ಚರಿಕೆ ಇದಕ್ಕಿಂತಲೂ ಮುಖ್ಯವಾದುದು. ಕಾಫಿ ಮತ್ತು ಚಹಗಳಲ್ಲಿರುವ ಒಗರಿನ ಅಂಶಗಳು ಆಹಾರದಲ್ಲಿನ ಕಬ್ಬಿಣವು ರಕ್ತಗತವಾಗದಂತೆ ತಡೆಯುತ್ತವೆ. ಆದ್ದರಿಂದ ಊಟದ ಹಿಂದೆ ಮುಂದೆ ಒಂದು ಗಂಟೆಯ ಕಾಲ ಇವನ್ನು ಕುಡಿಯಬಾರದೆಂದು ಅದೇ ಮಾರ್ಗದರ್ಶಿಯು ಹೇಳುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿ ರಕ್ತಹೀನತೆಯುಳ್ಳವರು. ರಾಗಿಮುದ್ದೆ, ಸೊಪ್ಪಿನ ಸಾರು ಉಂಡು, ಅದರ ಬೆನ್ನಿಗೇ ಕಾಫಿ ಕುಡಿದರೆ ಅನ್ನ ಕೊಟ್ಟುದನ್ನು ಲೋಟ ಕಸಿದುಕೊಂಡಂತಾಗುತ್ತದೆ. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಂಡು, ಕೂಡಲೇ ಕಾಫಿಯ ಲೋಟ ಹಿಡಿಯುವ ತಾಯಂದಿರಿಗೆ ಈ ಒಂದು ಮಾತನ್ನು ನೀವು ತಿಳಿಸಿದರೂ ಈ ಪಾಠವನ್ನು ಓದಿದುದು ಸಾರ್ಥಕ.

ನಮ್ಮ ತಂದೆಯವರ ವಿಷಯಕ್ಕೆ ಬಂದರೆ, ಅವರು ವೈದ್ಯರು ಕೊಟ್ಟ ಔಷಧವನ್ನು ತಪ್ಪದೆ ತೆಗೆದುಕೊಳ್ಳುತ್ತ, ಎರಡು ತಿಂಗಳ ಅವಧಿಯಲ್ಲಿ ಸಕ್ಕರೆಯಿಲ್ಲದ ಕಾಫಿಗೆ ಒಗ್ಗಿಕೊಂಡರು. ಈಗ ಬೆಳಗಿನ ಫಿಲ್ಟರು ಅವರದೇ ಹೊಣೆ. ಎಲ್ಲರಿಗಿಂತ ಮೊದಲೆದ್ದು, ಪುಡಿಯನ್ನು ಅಳೆದು ಹಾಕಿ, ನೀರೆರೆದು, ಮುಚ್ಚಳ ಮುಚ್ಚಿ, ತಾಯಿಯವರಿಗೆ ಮೊದಲ ಲೋಟವನ್ನು ತಾವೇ ಕೊಡುತ್ತಾರೆ. ಯಾರಾದರೂ ಮರೆತು ಅವರ ಲೋಟಕ್ಕೆ ಸಕ್ಕರೆ ಹಾಕಿದರೆ, "ಇದರಲ್ಲಿ ಕಾಫಿಯ ರುಚಿಯೇ ಇಲ್ಲವಲ್ಲ!" ಎನ್ನುತ್ತಾರೆ.

ಅಂದು ಸಂಜೆ ಬೆಟ್ಟದಿಂದಿಳಿದು ನಿಲ್ದಾಣದಲ್ಲಿ ರೈಲಿಗಾಗಿ ಕಾಯುತ್ತಿದ್ದಾಗ ಆ ಹುಡುಗನು ನನ್ನ ಬಳಿಗೆ ಬಂದು, "ಸಾರ್, ಫಿಲ್ಟರು ನಮ್ಮ ಅಜ್ಜಿಯ ಮನೆಯಲ್ಲಿ ಒಂದಿದೆ. ನೀರೆಷ್ಟು ಹಾಕಬೇಕೆಂದಿರಿ?" ಎಂದು ಕೇಳಿದನು. ನಾನು ಅವನ ಟಿಪ್ಪಣಿ ಪುಸ್ತಕದಲ್ಲಿ 30 ಗ್ರಾಂ, 200 ಮಿಲಿಲೀಟರ್ ಎಂದು ಬರೆದುಕೊಟ್ಟೆನು. ಬೆಟ್ಟದ ಲೆಕ್ಕದ ಕೆಳಗೆಯೇ ಕಾಫಿಯ ಲೆಕ್ಕವೂ ಸೇರಿತು.